ಡಾಲರ್ ರೇಟ್ ದಿನಾ ಬರೆದಿಡೋದು ಹೆಂಗ

ಗಂಗಾವತಿ, ಕಾರಟಗಿ ಕಡೆ ಅಕ್ಕಿ ಹೊರದೇಶಕ್ಕ ಕಳಿಸೋರು, ಬಳ್ಳಾರಿ ಜೀನ್ಸ್‌ನೋರು, ನಿಮಗ ಬಿಲ್ ಡಾಲರ್‌ನಾಗ ಬರ್ತಿದ್ರ ಡಾಲರ್-ರೂಪಾಯಿ ಪೇರ್ (ಒಂದು ಡಾಲರ್‌ಗೆ ಎಷ್ಟು ರೂಪಾಯಿ ಅನ್ನೋದು) ಒಂದ ಬರೆದಿಟ್ರ ಸಾಕ್ರಿ. ಯೂರೋ, ಯೆನ್ ಎಲ್ಲಾ ತಗದಿಟ್ಕೊಂಡು ಕುಂತ್ರ ತಲಿ ಕೆಡತೈತಿ ಅಷ್ಟ. ಮ್ಯಾಲಾಗಿ 2024ರ ಮೇ 3ರಿಂದ ಆರ್‌ಬಿಐ ರೂಲ್ ಏನಂದ್ರ, ಖರೇನ ಡಾಲರ್ ಬರೋದೋ ಕೊಡೋದೋ ಇದ್ದೋರಷ್ಟ ಎನ್‌ಎಸ್‌ಇ ಎಕ್ಸ್‌ಚೇಂಜ್ ಒಳಗ ರೂಪಾಯಿ ಕರೆನ್ಸಿ ಫ್ಯೂಚರ್ಸ್ (ಮುಂದಿನ ತಾರೀಖಿಗೆ ಇವತ್ತ ರೇಟ್ ಕಟ್ಟೋ ಕಾಂಟ್ರಾಕ್ಟ್) ಮಾಡಬಹುದು. ಟೆಲಿಗ್ರಾಂನಾಗ ಬರೋ ಫಾರಿನ್ ಆ್ಯಪ್ ಕಡೆ ಹೋಗಬ್ಯಾಡ್ರಿ, ರೊಕ್ಕ ಹಾಕೋಕಿಂತ ಮೊದಲ ಆರ್‌ಬಿಐ ಸೈಟ್‌ನಾಗ ಪರವಾನಗಿ ಇಲ್ಲದ ಆ್ಯಪ್‌ಗಳ ಅಲರ್ಟ್ ಲಿಸ್ಟ್ ಐತಿ, ನೋಡ್ರಿ.

ಒಂದು ಗೂಗಲ್ ಶೀಟ್ ಮಾಡ್ರಿ. ತಾರೀಖು, ಓಪನ್, ಹೈ, ಲೋ, ಕ್ಲೋಸ್ (ಆ ದಿನ ಶುರುವಾದ, ಎಲ್ಲಕ್ಕಿಂತ ಮ್ಯಾಲಿನ, ಎಲ್ಲಕ್ಕಿಂತ ಕೆಳಗಿನ, ಮುಗಿದ ರೇಟು), ಆಮ್ಯಾಲೆ ಎಫ್‌ಬಿಐಎಲ್ ಅನ್ನೋ ಸಂಸ್ಥೆ ದಿನಾ ಹೊರಡಿಸೋ ರೆಫರೆನ್ಸ್ ರೇಟು, ಇದು ಮಧ್ಯಾಹ್ನ ಒಂದೂವರಿ ಸುಮಾರಿಗೆ ಬರತೈತಿ. ಮಾರ್ಕೆಟ್ ಮುಂಜಾನೆ 9ರಿಂದ ಸಂಜಿ 5, ಹಂಗಾಗಿ ಐದರ ಮ್ಯಾಲೆ ಒಮ್ಮೆ ತುಂಬಿದ್ರ ಆತು, ನಿಮಿಷಕ್ಕೊಮ್ಮೆ ಮೊಬೈಲ್ ನೋಡೋದು ಟ್ರೇಡಿಂಗ್ ಅಲ್ಲ, ಚಟ.

ಎಲ್ಲಾರೂ ಎಡವೋದು ಎಲ್ಲಿ ಅಂದ್ರ ಫ್ಯೂಚರ್ಸ್ ರೇಟು, ಸ್ಪಾಟ್ ರೇಟು (ಈಗಿನ ರೇಟು) ಎರಡೂ ಒಂದ ಕಾಲಮ್‌ನಾಗ ತುಂಬೋದ್ರಾಗ. ಸಾಮಾನ್ಯವಾಗಿ ಮುಂದಿನ ತಿಂಗಳ ಕಾಂಟ್ರಾಕ್ಟ್ ಸ್ಪಾಟ್‌ಗಿಂತ ತುಸು ಮ್ಯಾಲಿರತೈತಿ, ಯಾಕಂದ್ರ ನಮ್ಮ ಬಡ್ಡಿ ಅಮೆರಿಕಾದ್ದಕ್ಕಿಂತ ಜಾಸ್ತಿ. ಈ ತಿಂಗಳದ್ದು ಎಕ್ಸ್‌ಪೈರಿ ಆಗಿ (ಅವಧಿ ಮುಗದು) ಮುಂದಿನದಕ್ಕ ಹೋದ ದಿನ ಶೀಟ್‌ನಾಗ ಹತ್ತಿಪ್ಪತ್ತು ಪೈಸೆ ಜಿಗಿದಂಗ ಕಾಣತೈತಿ, ಡಾಲರ್ ಜಾಗ ಬಿಟ್ಟು ಅಲುಗಾಡಿರಂಗಿಲ್ಲ. ಅದನ್ನ ನೋಡಿ ರೇಟ್ ಏರಿತು ಅಂತ ಹೆಜ್ಜಿ ಇಟ್ರ ಹೋಯ್ತು. ಅದಕ್ಕ ಕಾಂಟ್ರಾಕ್ಟ್ ತಿಂಗಳಿಗೆ ಬ್ಯಾರೆ ಕಾಲಮ್ ಇಡ್ರಿ. ಒಂದು ಲಾಟ್ ಅಂದ್ರ 1000 ಡಾಲರ್, 25 ಪೈಸೆ ಸರದ್ರ ಲಾಟಿಗೆ 250 ರೂಪಾಯಿ, ಇದು ತಲ್ಯಾಗ ಇರಲಿ.

ಕಡೀಕ ಒಂದು ನೋಟ್ಸ್ ಕಾಲಮ್: ಆರ್‌ಬಿಐ ಪಾಲಿಸಿ ದಿನ, ಅಮೆರಿಕಾದ ಜಾಬ್ಸ್ ಡೇಟಾ (ಉದ್ಯೋಗದ ಲೆಕ್ಕ), ಕ್ರೂಡ್ (ಕಚ್ಚಾ ಎಣ್ಣಿ) ರೇಟ್ ಎಷ್ಟು. ಜಾಬ್ಸ್ ಡೇಟಾ ನಮ್ಮ ಟೈಮ್ ಸಂಜಿ 6ಕ್ಕೋ 7ಕ್ಕೋ ಬರತೈತಿ, ಅಷ್ಟೊತ್ತಿಗೆ ನಮ್ಮ ಮಾರ್ಕೆಟ್ ಬಂದ್, ಹಂಗಾಗಿ ಅದರ ಏಟು ಮುಂದಿನ ಓಪನ್‌ನಾಗ ಬೀಳೋದು.

ಇನ್ನೊಂದು, ಬ್ಯಾಂಕ್ ನಿಮಗ ಕೊಟ್ಟ ಟಿಟಿ ಬೈಯಿಂಗ್ ರೇಟನ್ನೂ (ನಿಮ್ಮ ಡಾಲರ್ ಬ್ಯಾಂಕ್ ಕೊಳ್ಳೋ ರೇಟು) ಅದೇ ಸಾಲಿನ್ಯಾಗ ಬರೀರಿ. ಆ ಹೊತ್ತಿನ ಮಾರ್ಕೆಟ್ ರೇಟಿಗೂ ಅದಕ್ಕೂ ಗ್ಯಾಪ್ ಎಷ್ಟು ಅಂತ ಹಿಡಕೊಂಡು ಬ್ಯಾಂಕಿಗೆ ಫೋನ್ ಹಚ್ಚಿ ಚೌಕಾಸಿ ಮಾಡ್ರಿ, 50,000 ಡಾಲರ್ ಬಿಲ್ಲಿಗೆ 10 ಪೈಸೆ ಬಿಟ್ರೂ 5,000 ರೂಪಾಯಿ ಆತಲ್ರಿ.