ಸಾವಿರದೊಳಗಿನ ಸೈಕಲ್ ಲೈಟು, ಕಾರವಾರದ ಮಳೆಯಲ್ಲಿ

"ಸೈಕಲ್ಲಿಗೆ ಇಷ್ಟೆಲ್ಲ ಎಂತಕ್ಕೆ ಮಾರಾಯಾ, ನಾಲ್ಕು ದಿನ ಬರೂದಿಲ್ಲ" ಎಂದವರೇ ಎಲ್ಲ. ಸದಾಶಿವಗಡದಿಂದ ಕಾಳಿ ನದಿ ದಾಟಿ ಬೈತಖೋಲಕ್ಕೆ ರಾತ್ರಿ ಪಾಳಿಗೆ ಸೈಕಲ್ ತುಳಿಯುವವನು ನಾನು. ಸಾವಿರ ರೂಪಾಯಿ ಒಳಗೆ ಮುಗಿಸಿದ ನನ್ನ ಲೈಟು ಮಳೆಗಾಲ ಪೂರ್ತಿ ಉರಿದು ಈಗಲೂ ಉರಿಯುತ್ತಿದೆ.

ಅದಕ್ಕೂ ಮೊದಲು ನೀರಿಗೆ ಹೋದ ದುಡ್ಡೇ ಹೆಚ್ಚು. ಯುಎಸ್‌ಬಿ ಚಾರ್ಜಿನ ಲೈಟು ಸುಮಾರು ಆರುನೂರಕ್ಕೆ ಬಂತು. ಆಷಾಢ ಮುಗಿಯುವುದರೊಳಗೆ ಪಿನ್ನು ಹಸಿರುಗಟ್ಟಿತು. ಉಪ್ಪಿನ ತೇವ ಕೂತ ಪಿನ್ನಿಗೆ ಚಾರ್ಜರ್ ಚುಚ್ಚಿದರೆ ಕರೆಂಟೇ ಲೋಹ ತಿನ್ನುತ್ತದೆ, ಮುಚ್ಚಳದ ರಬ್ಬರ್ ಎಷ್ಟೇ ಬಿಗಿಯಿರಲಿ. ಆಮೇಲೆ ಕೊಂಡದ್ದು 18650 ಎಂಬ ಅಳತೆಯ, ಬೆರಳುದ್ದದ ರೀಚಾರ್ಜ್ ಲಿಥಿಯಂ ಸೆಲ್; ಮೈಮೇಲೆ 9900 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಲೆಕ್ಕ) ಎಂದು ಬರೆದಿತ್ತು. ಆ ಅಳತೆಯ ಒಳ್ಳೆಯ ಸೆಲ್ಲೇ 3500ರ ಆಸುಪಾಸಿಗೆ ನಿಲ್ಲುತ್ತದೆ. ಇದು ಒಂದು ಪಾಳಿಗೂ ಸಾಲಲಿಲ್ಲ. ಇಂಥ ಸುಳ್ಳು ಸೆಲ್ ಹಗುರ ಇರುತ್ತದೆ, ಹಾಗಾಗಿ ಈಗ ಚಿನ್ನದ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿಯೇ ತರುವುದು. ನಲವತ್ತೈದು ಗ್ರಾಂ ಹತ್ತಿರ ತೂಗಿದರೆ ಸರಿ, ಮೂವತ್ತರ ಕೆಳಗೆ ಬಂದರೆ ಅಲ್ಲೇ ವಾಪಸ್.

ನಡುವೆ ಹಳೇ ಬಾಟಲಿ ಡೈನಮೋ ಕೂಡ ಹಾಕಿ ನೋಡಿದೆ. 6 ವೋಲ್ಟ್, 3 ವ್ಯಾಟ್. ಬೇಸಿಗೆಯಲ್ಲಿ ಚೆನ್ನಾಗಿಯೇ ಇತ್ತು. ಟೈರು ಒದ್ದೆಯಾದರೆ ಅದಕ್ಕೆ ಉಜ್ಜಿ ತಿರುಗುವ ಡೈನಮೋದ ಗಾಲಿ ಜಾರುತ್ತದೆ, ನಿಂತರೆ ಕತ್ತಲೆ. 2024ರ ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿದು ಎರಡೂ ಕಡೆಯ ವಾಹನ ಹೊಸ ಸೇತುವೆಗೇ ಬಂದ ಮೇಲಂತೂ, ಎದುರು ಲಾರಿ ಬಂದಾಗ ನಿಲ್ಲುವ ಜಾಗದಲ್ಲಿ ಬೆಳಕು ಆರುವುದು ನಡೆಯುವ ಮಾತಲ್ಲ.

ಕೊನೆಗೆ ಸೈಕಲ್ ಲೈಟು ಅಂತ ಹೆಸರಿರುವುದನ್ನೇ ಬಿಟ್ಟೆ. ಅಲ್ಯುಮಿನಿಯಂ ಮೈಯ ಕೈಟಾರ್ಚು, ಮುನ್ನೂರೈವತ್ತೋ ಏನೋ. ಸೆಲ್ ಹೊರತೆಗೆದು ಮನೆಯೊಳಗೆ ಬೇರೆ ಚಾರ್ಜರಿನಲ್ಲಿ ಹಾಕುವಂಥದ್ದು, ಹಾಗಾಗಿ ಮಳೆಗೆ ತೆರೆದ ಪಿನ್ನೇ ಇಲ್ಲ. ಸೆಲ್ಲಿಗೆ ಇನ್ನೂರೈವತ್ತು, ಚಾರ್ಜರಿಗೆ ನೂರೈವತ್ತು ಚಿಲ್ಲರೆ. ಟಾರ್ಚಿನ ತಿರುಪು ಮುಚ್ಚಳದ ರಬ್ಬರ್ ರಿಂಗಿಗೆ ಸಿಲಿಕೋನ್ ಗ್ರೀಸು. ವ್ಯಾಸಲೀನ್ ಬೇಡ, ಕೆಲವು ರಬ್ಬರ್ ಅದಕ್ಕೆ ಉಬ್ಬುತ್ತವೆ.

ಎಲ್ಲರೂ ತಲೆ ಅಲ್ಲಾಡಿಸಿದ್ದು ಟಾರ್ಚು ಕಟ್ಟಿದ ಜಾಗ ನೋಡಿ. ಹ್ಯಾಂಡಲ್ಲಿಗಲ್ಲ, ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ಎಡಗಡೆಯ ಕೊಳವೆಗೆ ಕಟ್ಟಿದ್ದೇನೆ. ಹ್ಯಾಂಡಲ್ಲಿನ ಮೇಲಿನ ಬೆಳಕು ಮಳೆಹನಿಗೆ ಬಡಿದು ಕಣ್ಣಿಗೇ ತಿರುಗಿ ಬರುತ್ತದೆ, ರಸ್ತೆಯ ಬದಲು ಬಿಳಿ ಪರದೆ ಕಾಣುತ್ತದೆ. ಕೆಳಗಿನಿಂದ ಬಿಟ್ಟ ಬೆಳಕಿಗೆ ಹೊಂಡದ ಅಂಚು ಉದ್ದ ನೆರಳು ಚೆಲ್ಲುತ್ತದೆ, ದೂರದಿಂದಲೇ ಗೊತ್ತಾಗುತ್ತದೆ. ಎಡಕ್ಕೇ ಏಕೆಂದರೆ ಚಕ್ರದ ನೆರಳು ಬಲಕ್ಕೆ ಬೀಳಬೇಕು. ನಾವು ತುಳಿಯುವ ಎಡ ಅಂಚು ಪೂರ್ತಿ ಬೆಳಗಬೇಕು. ಟಾರ್ಚಿನ ಬಾಯಿ ಸ್ವಲ್ಪ ನೆಲಕ್ಕೆ ಬಾಗಿರಲಿ, ಎದುರಿನವರ ಕಣ್ಣಿಗೆ ಹೊಡೆಯಬಾರದು. ಕೆಸರು ಸಿಡಿಯುತ್ತದೆ ನಿಜ, ಹೊರಡುವಾಗ ಹೆಬ್ಬೆರಳಲ್ಲಿ ಗಾಜು ಒರೆಸಿದರೆ ಮುಗಿಯಿತು.

ಹಿಂದಿನ ಕೆಂಪು ಲೈಟು ನೂರಿಪ್ಪತ್ತರ ಆಸುಪಾಸು, ಎರಡು ಸಣ್ಣ ಸೆಲ್ಲಿನದ್ದು. ಇದಕ್ಕೆ ರೀಚಾರ್ಜ್ ಸೆಲ್ ಹಾಕಿದರೆ 3 ವೋಲ್ಟಿನ ಬದಲು 2.4 ಬರುತ್ತದೆ, ಮಂಕಾಗುತ್ತದೆ ಎಂದು ಹೆದರಿಸಿದರು. ಬಿಳಿ ಎಲ್‌ಇಡಿಗೆ ಆ ಮಾತು ಸರಿ. ಕೆಂಪಿಗೆ 2 ವೋಲ್ಟ್ ಸಾಕು, ಹೆಚ್ಚೇನೂ ವ್ಯತ್ಯಾಸ ಕಾಣುವುದಿಲ್ಲ. ಸೀಟಿನ ಕೆಳಗೆ ಮಾತ್ರ ಯಾರೂ ಸಿಕ್ಕಿಸಬೇಡಿ. ರೇನ್‌ಕೋಟಿನ ಬಾಲ ಜೋತುಬಿದ್ದು ಅದನ್ನೇ ಮುಚ್ಚುತ್ತದೆ, ಅದೂ ನಿಜವಾಗಿ ಬೇಕಾದ ದಿನವೇ. ನನ್ನದು ಕ್ಯಾರಿಯರಿನ ಕೊನೆಗೆ ಇದೆ. ಲಾರಿಗೆ ಅಂಟಿಸುವ ಕೆಂಪು ಹೊಳೆಯುವ ಟೇಪು ಮಡ್‌ಗಾರ್ಡಿಗೂ ಹಳದಿಯದು ಪೆಡಲ್ಲಿನ ಹಿಂಬದಿಗೂ ಅಂಟಿಸಿದ್ದೇನೆ. ಮೇಲೆ ಕೆಳಗೆ ಕುಣಿಯುವ ಹೊಳಪು ಕಂಡ ಕೂಡಲೇ ಹಿಂದಿನ ಡ್ರೈವರಿಗೆ ಅದು ಸೈಕಲ್ ಎಂದು ತಿಳಿಯುತ್ತದೆ. ಖರ್ಚು ಐವತ್ತೂ ಆಗಲಿಲ್ಲ.

ಫೋರ್ಕಿಗೆ ಟಾರ್ಚು ಅಲ್ಲಾಡದಂತೆ ಕೂರಿಸುವ ಹಿಡಿಕೆ ನಾನೇ ಮಾಡಿದ್ದು. ಹಳೇ ಟ್ಯೂಬಿನ ತುಂಡು ಅದರಲ್ಲಿದೆ ಎಂಬಷ್ಟು ಹೇಳಬಲ್ಲೆ, ಉಳಿದದ್ದು ಇಲ್ಲಿ ಬರೆಯುವುದಿಲ್ಲ. ನಕ್ಕವರಲ್ಲೇ ಇಬ್ಬರು ಮೂವರು ಈಗ ತಮ್ಮ ಸೈಕಲ್ಲಿಗೂ ಹಾಕಿಸಿಕೊಂಡಿದ್ದಾರೆ. ಒಂದಕ್ಕೆ ಎಂಬತ್ತು ರೂಪಾಯಿ ತೆಗೆದುಕೊಂಡಿದ್ದೇನೆ.