ಕೊಂಕಣ ರೈಲ್ವೆಯ ರೋ-ರೋ: ಲಾರಿ ಹೊತ್ತ ವ್ಯಾಗನ್‌ಗಳನ್ನು 1:87ರಲ್ಲಿ ಕಟ್ಟಿದ ನನ್ನ ಅನುಭವ

ಮಾಡೆಲ್ ರೈಲು ಕಟ್ಟುವವರು ಸಾಮಾನ್ಯವಾಗಿ ಇಂಜಿನ್‌ನಿಂದ ಶುರು ಮಾಡುತ್ತಾರೆ. ನಾನು ಲಾರಿಯಿಂದ ಶುರು ಮಾಡಿದೆ. ನನಗೆ ಬೇಕಿದ್ದದ್ದು ಕೊಂಕಣ ರೈಲ್ವೆಯ ರೋ-ರೋ (ರೋಲ್ ಆನ್ ರೋಲ್ ಆಫ್, ಅಂದರೆ ಗಾಡಿ ಓಡಿಸಿಕೊಂಡೇ ಹತ್ತಿಸಿ ಇಳಿಸುವ) ರೇಕ್. ತುಂಬಿದ ಲಾರಿಗಳನ್ನು ಡ್ರೈವರ್ ಸಮೇತ ಹೊತ್ತುಕೊಂಡು ಕರಾವಳಿಯುದ್ದಕ್ಕೂ ಓಡುತ್ತದಲ್ಲ, ಆ ಚಪ್ಪಟೆ ವ್ಯಾಗನ್‌ಗಳ ಉದ್ದನೆಯ ಸಾಲು. 1999ರ ಜನವರಿ 26ರಂದು ಮಹಾರಾಷ್ಟ್ರದ ಕೋಲಾಡ್‌ನಿಂದ ಗೋವಾದ ವೆರ್ಣಾಕ್ಕೆ ಶುರುವಾದ ಈ ಸೇವೆ ಆಮೇಲೆ ನಮ್ಮ ಸುರತ್ಕಲ್‌ವರೆಗೂ ಬಂತು. ಹೈವೇಯ ಘಾಟಿ, ತಿರುವು, ಮಳೆಗಾಲದ ಗುಂಡಿಗಳ ಜೊತೆ ಗುದ್ದಾಡುವ ಬದಲು ಡ್ರೈವರ್ ತನ್ನ ಕ್ಯಾಬಿನ್‌ನಲ್ಲೇ ಕೂತೋ ಮಲಗಿಯೋ ಊರು ಸೇರುತ್ತಾನೆ. ಕುಮಟಾ, ಹೊನ್ನಾವರ, ಉಡುಪಿ ಕಡೆಯವರಿಗೆ ಇದು ಹೊಸದೇನಲ್ಲ, ಅಲ್ವಾ?

ಈ ರೇಕನ್ನು ತುಂಬಾ ಹೊತ್ತು ನೋಡಿದ ಮೇಲೆ ನನಗೆ ಒಂದು ವಿಷಯ ಗಟ್ಟಿಯಾಯಿತು. ವ್ಯಾಗನ್‌ಗಳೆಲ್ಲ ಒಂದೇ ಥರ ಇರಬೇಕು, ಲಾರಿಗಳು ಒಂದರ ಹಾಗೆ ಇನ್ನೊಂದು ಇರಬಾರದು. ಇದೊಂದನ್ನು ಬಿಡದೆ ಹಿಡಿದರೆ ಮಾಡೆಲ್ ನಿಜವಾಗಿ ಕಾಣುತ್ತದೆ. ಎಂಟು ವ್ಯಾಗನ್ ಮೇಲೆ ಎಂಟು ಒಂದೇ ಲಾರಿ ನಿಲ್ಲಿಸಿದರೆ, ಪೇಂಟ್ ಎಷ್ಟೇ ಚೆನ್ನಾಗಿದ್ದರೂ ಅದು ಫ್ಯಾಕ್ಟರಿಯಿಂದ ಹೊಸ ಗಾಡಿ ಸಾಗಿಸುವ ರೈಲಿನ ಹಾಗೆ ಕಾಣುತ್ತದೆ, ರೋ-ರೋ ಥರ ಅಲ್ಲ.

ಸ್ಕೇಲ್ ವಿಷಯ ಬೇಗ ಮುಗಿಸುತ್ತೇನೆ. 1:87 ಅಂದರೆ ನಿಜವಾದ ಅಳತೆಯ 87ನೇ ಒಂದು ಭಾಗ. ನಮ್ಮ ಬ್ರಾಡ್‌ಗೇಜ್‌ನಲ್ಲಿ ಎರಡು ಹಳಿಗಳ ನಡುವೆ 1676 ಮಿಮೀ. 1:87ರಲ್ಲಿ ಅದು 19 ಮಿಮೀ ಚಿಲ್ಲರೆ ಆಗಬೇಕು. ಅಂಗಡಿಯಲ್ಲಿ ಸಿಗುವ ಎಚ್‌ಒ (1:87 ಸ್ಕೇಲಿಗೆ ಇರುವ ಹೆಸರು) ಹಳಿ 16.5 ಮಿಮೀ, ಅದು ಯುರೋಪ್ ಅಮೆರಿಕದ 1435 ಮಿಮೀ ಗೇಜಿಗೆ ಲೆಕ್ಕ ಹಾಕಿದ್ದು. ಹಳಿಯನ್ನೇ ಕೈಯಲ್ಲಿ ಹಾಕುವ ಗಟ್ಟಿಗರು ಇದ್ದಾರೆ, ಅವರ ಬಗ್ಗೆ ನನಗೆ ತುಂಬಾ ಗೌರವ ಇದೆ. ನಾನು 16.5ರಲ್ಲೇ ಉಳಿದೆ. ಪಕ್ಕದಿಂದ ನೋಡಿದಾಗ ಕಣ್ಣು ಹೋಗುವುದು ಲಾರಿಯ ಮೇಲೆ. ಎದುರಿನಿಂದ ನೋಡಿದಾಗ ಮಾತ್ರ ವ್ಯಾಗನ್‌ಗೆ ಕಾಲು ಸ್ವಲ್ಪ ಒಳಗೆ ಸೇರಿದ ಹಾಗೆ ಕಾಣುತ್ತದೆ.

ವ್ಯಾಗನ್‌ಗೆ ಬಿಆರ್‌ಎನ್ ಮಾದರಿ ಆರಿಸಿದೆ. ಹಳಿ, ಉಕ್ಕು ಸಾಗಿಸಲು ಮಾಡಿದ ವ್ಯಾಗನ್ ಇದು. ವ್ಯಾಗನ್‌ಗಳನ್ನು ಜೋಡಿಸುವ ಕೊಂಡಿ ಇದೆಯಲ್ಲ, ಆ ಕಪ್ಲರ್‌ನಿಂದ ಕಪ್ಲರ್‌ಗೆ ಸುಮಾರು ಹದಿನಾಲ್ಕೂವರೆ ಮೀಟರ್, ಅಂದರೆ ಮಾಡೆಲ್‌ನಲ್ಲಿ 17 ಸೆಂಮೀಗೆ ಒಂಚೂರು ಕಮ್ಮಿ. ತಳಕ್ಕೆ ಒಂದು ಮಿಮೀ ಸ್ಟೈರೀನ್ ಪ್ಲಾಸ್ಟಿಕ್ ಹಾಳೆ, ಕೆಳಗೆ ನಡುವಿನ ತೊಲೆ ಮತ್ತು ಅಂಚಿನ ತೊಲೆಗಳಿಗೆ ಪಟ್ಟಿಗಳು. ಎಲ್ಲ ವ್ಯಾಗನ್‌ಗಳ ತಳವನ್ನೂ ಒಂದೇ ಸಲ, ಒಂದೇ ಅಚ್ಚಿಗೆ ಒತ್ತಿಟ್ಟು ಕತ್ತರಿಸಿದೆ. ಒಂದೇ ಥರ ಇರಬೇಕು ಅಂದೆನಲ್ಲ, ಅದು ಇಲ್ಲಿಂದಲೇ ಶುರು. ಚಕ್ರದ ಬೋಗಿಗೆ, ಅಂದರೆ ವ್ಯಾಗನ್ ಕೆಳಗೆ ಚಕ್ರಗಳನ್ನು ಹಿಡಿದಿಡುವ ಚೌಕಟ್ಟಿಗೆ, ಅಮೆರಿಕದ ಎಚ್‌ಒ ಬೋಗಿ ಹಾಕಿದೆ. ನಮ್ಮ ಗೂಡ್ಸ್ ವ್ಯಾಗನ್‌ಗಳ ಕ್ಯಾಸ್ನಬ್ ಬೋಗಿಯೂ ಅದೇ ಮೂರು ಎರಕದ ತುಂಡಿನ ಜಾತಿ, ಹಾಗಾಗಿ ಮುಖ ಹೊಂದುತ್ತದೆ. ಆದರೆ ಕ್ಯಾಸ್ನಬ್‌ನ ಎರಡು ಆಕ್ಸಲ್‌ಗಳ ನಡುವೆ 2000 ಮಿಮೀ ಅಂತರ, ಮಾಡೆಲ್‌ನಲ್ಲಿ 23 ಮಿಮೀ. ಅಮೆರಿಕದ್ದು ಇದಕ್ಕಿಂತ ಗಿಡ್ಡ. ನಾನು ಪಕ್ಕದ ಫ್ರೇಮ್ ಕುಯ್ದು, ನಡುವೆ ಸ್ಟೈರೀನ್ ತುಂಡು ಸೇರಿಸಿ ಉದ್ದ ಮಾಡಿದೆ. ಬೇಡ ಅನ್ನಿಸಿದರೆ ಬಿಡಬಹುದು, ಲಾರಿಯ ನೆರಳಲ್ಲಿ ಅದು ಅಷ್ಟಾಗಿ ಕಾಣುವುದಿಲ್ಲ. ನಮ್ಮಲ್ಲೂ ನಡುವಿನ ಕಪ್ಲರೇ ಇರುವುದರಿಂದ ಕೇಡೀ ಕಂಪನಿಯ ಮಾಡೆಲ್ ಕಪ್ಲರ್ ಸರಿಯಾಗಿ ಕೂರುತ್ತದೆ.

ಚಪ್ಪಟೆ ವ್ಯಾಗನ್‌ನ ದೊಡ್ಡ ತಲೆನೋವು ತೂಕ. ಡಬ್ಬಿ ವ್ಯಾಗನ್ ಆದರೆ ಒಳಗೆ ಏನನ್ನಾದರೂ ಬಚ್ಚಿಡಬಹುದು, ಇಲ್ಲಿ ಬಚ್ಚಿಡಲು ಜಾಗವೇ ಇಲ್ಲ. ಅಮೆರಿಕದ ಮಾಡೆಲ್ ರೈಲು ಹವ್ಯಾಸಿಗಳ ಎನ್‌ಎಂಆರ್‌ಎ ಸಂಸ್ಥೆಯ ಲೆಕ್ಕದ ಪ್ರಕಾರ ಎಚ್‌ಒ ವ್ಯಾಗನ್‌ಗೆ ಒಂದು ಔನ್ಸ್, ಅದರ ಮೇಲೆ ಪ್ರತಿ ಇಂಚಿಗೆ ಅರ್ಧ ಔನ್ಸ್. ನಮ್ಮ ವ್ಯಾಗನ್‌ಗೆ ಅದು ಹತ್ತಿರ ಹತ್ತಿರ 120 ಗ್ರಾಂ ಬರುತ್ತದೆ. ಲಾರಿಯೊಳಗೆ ಭಾರ ತುಂಬಿಬಿಡೋಣ ಅಂತ ಮೊದಲು ಯಾರಿಗಾದರೂ ಅನ್ನಿಸುತ್ತದೆ. ಅದು ಬೇಡ. ಭಾರ ಮೇಲೆ ಹೋದಷ್ಟೂ ತಿರುವಿನಲ್ಲಿ ವ್ಯಾಗನ್ ವಾಲುತ್ತದೆ, ಲಾರಿ ಇಳಿಸಿದ ಮೇಲೆ ಖಾಲಿ ವ್ಯಾಗನ್ ಹಳಿ ಬಿಟ್ಟು ಎಗರುತ್ತದೆ. ನಾನು ಟೈರ್ ಅಂಗಡಿಗೆ ಹೋಗಿ ವೀಲ್ ಬ್ಯಾಲೆನ್ಸಿಂಗ್ ಮಾಡುವಾಗ ಅಂಟಿಸುತ್ತಾರಲ್ಲ, ಐದು ಗ್ರಾಂ ಹತ್ತು ಗ್ರಾಂ ತುಂಡುಗಳ ಆ ಪಟ್ಟಿ, ಅದನ್ನು ತಂದೆ. ಹಿಂದೆ ಅಂಟು ಇದ್ದೇ ಇರುತ್ತದೆ. ತೊಲೆಗಳ ನಡುವಿನ ಸಂದಿಯಲ್ಲಿ ಸಾಲಾಗಿ ಅಂಟಿಸಿ ಮೇಲೆ ಕಪ್ಪು ಬಳಿದರೆ ಮುಗಿಯಿತು. ಉಳಿದ ತೂಕ ಲಾರಿಯ ಚಾಸಿಯಲ್ಲಿ, ಆದಷ್ಟು ಕೆಳಗೆ. ಪಟ್ಟಿ ಸೀಸದ್ದಾಗಿದ್ದರೆ ಕೆಲಸ ಆದ ಮೇಲೆ ಕೈ ಚೆನ್ನಾಗಿ ತೊಳೆಯಿರಿ.

ಇನ್ನು ಲಾರಿ. ನನಗೆ ಅತಿ ಪ್ರೀತಿಯ ಭಾಗ ಇದು.

1:87ರಲ್ಲಿ ಜರ್ಮನಿಯ ಹರ್ಪಾ, ವೀಕಿಂಗ್, ಬ್ರೆಕೀನಾ ಲಾರಿಗಳು ಧಾರಾಳ ಸಿಗುತ್ತವೆ. ನಮ್ಮ ಟಾಟಾ, ಲೇಲ್ಯಾಂಡ್ ಹಾಗೆ ಸಿಗುವುದಿಲ್ಲ. ಹಳೆ ಬೆಂಜ್ ಮೂತಿಯ ಲಾರಿ ಸಿಕ್ಕರೆ ಬಿಡಬೇಡಿ. 1954ರಿಂದ 1969ರವರೆಗೆ ಟಾಟಾ ಕಂಪನಿ ಬೆಂಜ್ ಜೊತೆ ಸೇರಿಯೇ ಲಾರಿ ಮಾಡುತ್ತಿತ್ತು, ಆ ಮೂತಿಯ ಛಾಯೆ ನಮ್ಮ ರಸ್ತೆಯಲ್ಲಿ ಅದಾದ ಮೇಲೂ ಬಹಳ ಕಾಲ ಉಳಿಯಿತು. ಉಳಿದವನ್ನು ಕೈಯಲ್ಲೇ ಕಟ್ಟಬೇಕು. ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ. ಆಗೆಲ್ಲ ಎಷ್ಟೋ ಲಾರಿಗಳು ಕಂಪನಿಯಿಂದ ಬರೀ ಚಾಸಿ ಮತ್ತು ಮೂತಿಯಾಗಿ ಬರುತ್ತಿದ್ದವು. ಕ್ಯಾಬಿನ್, ಬಾಡಿ ಎಲ್ಲ ನಾಮಕ್ಕಲ್, ತಿರುಚೆಂಗೋಡಿನಂಥ ಊರುಗಳಲ್ಲಿ ಮರ, ತಗಡು ಹಾಕಿ ಕಟ್ಟುತ್ತಿದ್ದರು. ಒಬ್ಬೊಬ್ಬ ಮೇಸ್ತ್ರಿಯದು ಒಂದೊಂದು ಕೈ. ಹಾಗಾಗಿ ನಿಮ್ಮ ಕ್ಯಾಬಿನ್ ಕಿಟಕಿ ಒಂಚೂರು ಅಗಲ ಆಯಿತು, ತಲೆಮೇಲಿನ ಹಲಗೆ ಎತ್ತರ ಆಯಿತು ಅಂದರೆ ಅದು ತಪ್ಪಲ್ಲ, ಅಂಥ ಲಾರಿಯೂ ಎಲ್ಲೋ ಒಂದು ಇದ್ದೇ ಇರುತ್ತದೆ. ಹತ್ತು ಚಕ್ರದ ಲಾರಿ ನನ್ನಲ್ಲಿ ಹತ್ತು ಸೆಂಮೀ ಉದ್ದ, 28 ಮಿಮೀ ಅಗಲ. ಟೈರ್ 12 ಮಿಮೀ.

ಟೈರ್ ವಿಷಯದಲ್ಲಿ ಒಂದು ಸಣ್ಣ ಕೆಲಸ ಮಾಡಲೇಬೇಕು. ಮಾಡೆಲ್ ಟೈರ್ ಪೂರ್ತಿ ಗುಂಡಗಿರುತ್ತದೆ, ನೆಲಕ್ಕೆ ಒಂದು ಗೆರೆಯಷ್ಟೇ ತಾಗುತ್ತದೆ. ಹದಿನೈದು ಟನ್ ಹೊತ್ತ ಲಾರಿಯ ಟೈರ್ ಹಾಗಿರುವುದಿಲ್ಲ, ಕೆಳಗೆ ಅಮುಕಿಕೊಂಡಿರುತ್ತದೆ. ಲಾರಿ ಪೂರ್ತಿ ಜೋಡಿಸಿದ ಮೇಲೆ ಸಮತಟ್ಟಾದ ಗಾಜಿನ ಮೇಲೆ ಉಪ್ಪುಕಾಗದ ಇಟ್ಟು, ಲಾರಿಯನ್ನು ಹಾಗೇ ನಿಲ್ಲಿಸಿ ಹಿಂದೆ ಮುಂದೆ ಮೆಲ್ಲಗೆ ಎಳೆಯಿರಿ. ಎಲ್ಲ ಚಕ್ರದ ಕೆಳಗೂ ಒಂದೇ ಮಟ್ಟದಲ್ಲಿ ಒಂದಿಷ್ಟು ಸವೆಯುತ್ತದೆ. ಹಿಂದಿನ ಚಕ್ರಗಳನ್ನು ಇನ್ನೊಂದು ಕೂದಲೆಳೆ ಜಾಸ್ತಿ ಸವೆಸಿ. ಆಗ ಲಾರಿ ವ್ಯಾಗನ್ ಮೇಲೆ ಇಟ್ಟ ಹಾಗೆ ಕಾಣುವುದಿಲ್ಲ, ನಿಂತ ಹಾಗೆ ಕಾಣುತ್ತದೆ.

ಟಾರ್ಪಲ್‌ಗೆ ಟಿಶ್ಯೂ ಕಾಗದ. ಫೆವಿಕಾಲ್‌ಗೆ ನೀರು ಬೆರೆಸಿ ಹಾಲಿನಷ್ಟು ತೆಳ್ಳಗೆ ಮಾಡಿ, ಕಾಗದದ ಒಂದು ಪದರ ಮಾತ್ರ ಬಿಡಿಸಿ ಲೋಡ್ ಮೇಲೆ ಹೊದಿಸಿ ಬ್ರಷ್‌ನಿಂದ ತೋಯಿಸಬೇಕು. ಒಳಗಿನ ಲೋಡ್ ಸಮತಟ್ಟಾಗಿರಬಾರದು. ಚೀಲದ ಉಬ್ಬು, ಪೆಟ್ಟಿಗೆಯ ಮೂಲೆ ಕಾಗದದ ಮೂಲಕ ಕಾಣಬೇಕು. ಪೂರ್ತಿ ಒಣಗುವ ಮುಂಚೆ ಹಗ್ಗ ಕಟ್ಟಬೇಕು, ಇದು ಮುಖ್ಯ, ಯಾಕೆಂದರೆ ಹಗ್ಗ ಬಿಗಿದ ಕಡೆ ಟಾರ್ಪಲ್ ಒಳಗೆ ಕಚ್ಚಿಕೊಂಡು ಎರಡೂ ಪಕ್ಕ ಉಬ್ಬಿರುತ್ತದಲ್ಲ, ಅದು ಒದ್ದೆ ಇದ್ದಾಗ ಮಾತ್ರ ಬರುತ್ತದೆ. ಹಗ್ಗಕ್ಕೆ ಹೊಲಿಗೆ ದಾರ. ಅದನ್ನು ಮೇಣದಬತ್ತಿಯ ಮೇಲೆ ಎಳೆದರೆ ನವಿರು ಕೂತುಬಿಡುತ್ತದೆ. ಇಲ್ಲದಿದ್ದರೆ ದಾರಕ್ಕೆ ಗಡ್ಡ ಬಂದ ಹಾಗೆ ಕಾಣುತ್ತದೆ. ಕಟ್ಟುವ ಕ್ರಮವನ್ನು ಲಾರಿ ನಿಲ್ಲುವ ಢಾಬಾ ಹತ್ತಿರ ನಿಂತು ನೋಡಿ. ಒಂದು ಕೊಕ್ಕೆಯಿಂದ ಮೇಲೆ ಹೋಗಿ ಆಚೆ ಇಳಿದು, ಮುಂದಿನ ಕೊಕ್ಕೆಗೆ ಸಿಕ್ಕಿಸಿ ಮತ್ತೆ ವಾಪಸ್. ಹಿಂಬದಿಗೆ ಅಡ್ಡಡ್ಡ ಹೆಣಿಗೆ. ಬಣ್ಣಕ್ಕೆ ಬಿಸಿಲಿಗೆ ಬೆಳ್ಳಗಾದ ನೀಲಿ, ಎಣ್ಣೆಗಪ್ಪು, ಮಣ್ಣುಹಸಿರು. ಹೊಚ್ಚ ಹೊಸ ಟಾರ್ಪಲ್ ಇಡೀ ರೇಕಿಗೆ ಒಂದು ಸಾಕು.

ವ್ಯಾಗನ್ ಮೇಲೆ ಲಾರಿಯನ್ನು ನಾನು ಅಂಟಿಸುವುದಿಲ್ಲ. ಲಾರಿ ಚಾಸಿಯ ಕೆಳಗೆ ಒಂದು ಸಣ್ಣ ಅಯಸ್ಕಾಂತ, ವ್ಯಾಗನ್ ತಳದಲ್ಲಿ ಇನ್ನೊಂದು. ಆಗ ಸುರತ್ಕಲ್‌ನಲ್ಲಿ ಇಳಿಸಿ ಬೇರೆ ಲಾರಿ ಹತ್ತಿಸಬಹುದು. ಚಕ್ರಕ್ಕೆ ಅಡ್ಡ ಕೊಡುವ ಮರದ ತುಂಡುಗಳನ್ನು ಬೆಂಕಿಕಡ್ಡಿಯಿಂದ ಓರೆಯಾಗಿ ಕತ್ತರಿಸಿ ಮಾಡಿದೆ, ಅವು ಮಾತ್ರ ವ್ಯಾಗನ್‌ಗೆ ಅಂಟಿವೆ. ಬಿಗಿಯುವ ಸರಪಳಿಗೆ ಚಿಕ್ಕಪೇಟೆಯಲ್ಲಿ ರೋಲ್ಡ್‌ಗೋಲ್ಡ್ ಸರದ ಅಂಗಡಿಗಳಲ್ಲಿ ಸಿಗುವ ಅತಿ ಸಣ್ಣ ಚೈನ್. ಹೊಳಪು ಹೋಗುವ ಹಾಗೆ ಕಪ್ಪು ಪೇಂಟ್‌ನಲ್ಲಿ ಅದ್ದಿ ಒಣಗಿಸಿದರೆ ಕಬ್ಬಿಣವೇ. ಅದರ ಒಂದು ತುದಿ ಮಾತ್ರ ಗಟ್ಟಿ, ಇನ್ನೊಂದಕ್ಕೆ ತಂತಿಯ ಕೊಕ್ಕೆ.

ಕೊಳೆ ಹಿಡಿಸುವುದರಲ್ಲಿ ಒಂದೇ ಮಾತು. ಲಾರಿಗಳು ರೇಕಿನ ತುದಿಯಲ್ಲಿರುವ ರ‍್ಯಾಂಪ್ ಹತ್ತಿ, ವ್ಯಾಗನ್‌ನಿಂದ ವ್ಯಾಗನ್‌ಗೆ ದಾಟುತ್ತಾ ಮುಂದೆ ಹೋಗುತ್ತವೆ. ಅದಕ್ಕೇ ವ್ಯಾಗನ್ ತಳದ ಮೇಲೆ ಎರಡು ಟೈರ್ ಜಾಡು ಬೇಕು, ಆ ಜಾಡು ಎಲ್ಲ ವ್ಯಾಗನ್‌ಗಳಲ್ಲೂ ಒಂದೇ ನೇರದಲ್ಲಿ ಕೂಡಬೇಕು. ನಾನು ಎಲ್ಲ ವ್ಯಾಗನ್‌ಗಳನ್ನು ಒಂದು ಹಲಗೆ ಮೇಲೆ ಸಾಲಾಗಿ ಜೋಡಿಸಿಟ್ಟು ಒಂದೇ ಸಲಕ್ಕೆ ಎಳೆದೆ. ಮಣ್ಣಿಗೆ ನಿಜವಾದ ಚಿರೆಕಲ್ಲಿನ ಪುಡಿ, ಬಟ್ಟೆಯಲ್ಲಿ ಎರಡೆರಡು ಸಲ ಸೋಸಿದ್ದು. ಕರಾವಳಿಯ ಆ ಕೆಂಪು ಯಾವ ಕಂಪನಿಯ ಬಾಟಲಿಯಲ್ಲೂ ನನಗೆ ಸಿಕ್ಕಿಲ್ಲ. ಮೇಲೆ ಮ್ಯಾಟ್ ವಾರ್ನಿಶ್.

ರೋ-ರೋ ಹತ್ತುವ ಸ್ಟೇಷನ್‌ನಲ್ಲಿ ಲಾರಿಯ ಎತ್ತರ ನೋಡಿಯೇ ಬಿಡುತ್ತಾರೆ. ದಾರಿಯಲ್ಲಿ ಆರೂವರೆ ಕಿಮೀ ಉದ್ದದ ಕರ್ಬುಡೆಯಂಥ ಸುರಂಗಗಳಿವೆ, ಸುಮ್ನೆ ಅಲ್ಲ. ನಾನೂ ತಂತಿ ಬಗ್ಗಿಸಿ ಒಂದು ಕಮಾನು ಮಾಡಿ ರ‍್ಯಾಂಪ್ ಪಕ್ಕ ನಿಲ್ಲಿಸಿದೆ. ನನ್ನ ಸುರಂಗದ ಬಾಯಿಗಿಂತ ಅದು ಎರಡು ಮಿಮೀ ಕಿರಿದು. ಹೊಸ ಲಾರಿ ಕಟ್ಟಿದಾಗಲೆಲ್ಲ ಮೊದಲು ಅದರಡಿ ಹೋಗಬೇಕು. ಕೊಂಕಣ ದಾರಿಯ ವಿದ್ಯುದೀಕರಣ ಮುಗಿದದ್ದು 2022ರಲ್ಲಿ. ನಾನು ಹಿಡಿದಿರುವುದು ಅದಕ್ಕೂ ಮುಂಚಿನ ಡೀಸೆಲ್ ಕಾಲ, ಹಾಗಾಗಿ ಮೇಲೆ ತಂತಿ, ಕಂಬ ಇಲ್ಲ, ನೋಡುವವರಿಗೆ ಲಾರಿಗಳು ಪೂರ್ತಿ ಕಾಣುತ್ತವೆ.

ನಂಬರ್ ಪ್ಲೇಟ್ ಹಳದಿ, ಅಕ್ಷರ ಕಪ್ಪು. ಕೆಎ 19, ಕೆಎ 20, ಗೋವಾ, ಮಹಾರಾಷ್ಟ್ರ, ಕೇರಳ, ನಾಮಕ್ಕಲ್‌ನ ಟಿಎನ್ 28, ಎಲ್ಲ ಬೆರೆಸಿ. ಡ್ರೈವರ್ ಗೊಂಬೆ 19 ಮಿಮೀ ಇದ್ದರೆ ಸರಿಯಾದ ಆಳು. ಒಂದೆರಡು ಕ್ಯಾಬಿನ್‌ನಲ್ಲಿ ಕಿಟಕಿಯಿಂದ ಕಾಲು ಹೊರಗೆ ಚಾಚಿದವರನ್ನೂ ಇಟ್ಟಿದ್ದೇನೆ. ಈಗ ಬಾಕಿ ಇರುವುದು ಕ್ಯಾಬಿನ್ ತಲೆಮೇಲೆ ಕಟ್ಟುವ ಸಾಮಾನು: ಸ್ಟೆಪ್ನಿ, ಮಡಚಿದ ಟಾರ್ಪಲ್, ನೀರಿನ ಕ್ಯಾನ್, ಹಗ್ಗದ ಸುರುಳಿ. ಕೆಳಗಿನಿಂದ ತೆಗೆದ ಫೋಟೋಗಳಲ್ಲಿ ಇದು ಕಾಣುವುದಿಲ್ಲ. ಮೇಲ್ಸೇತುವೆಯಿಂದಲೋ ಗುಡ್ಡದ ಮೇಲಿಂದಲೋ ರೋ-ರೋ ರೇಕಿನ ಫೋಟೋ ತೆಗೆದವರು ನಿಮ್ಮಲ್ಲಿ ಯಾರಾದರೂ ಇದ್ದರೆ ದಯವಿಟ್ಟು ತೋರಿಸಿ, ಎಷ್ಟು ಹಳೆಯದಾದರೂ ಪರವಾಗಿಲ್ಲ.