ಬಂದವರು ಗೇಟ್ ಹಾಕದಿದ್ರೂ ನಾಯಿ ರಸ್ತೆಗೆ ಹೋಗದ ಹಾಗೆ ನಾನು ಮಾಡಿದ್ದು

ನಮ್ಮ ಹೆಣ್ಣು ನಾಯಿ ಬೊಳ್ಳುವಿನ ಹಿಂದಿನ ಕಾಲಿಗೆ ಪ್ಲೇಟ್ ಹಾಕಿ ಈ ಬಿಸುವಿಗೆ (ಸೌರ ಯುಗಾದಿಗೆ) ಮೂರು ವರ್ಷ. ಅವತ್ತು ಮನೆಯಲ್ಲಿ ಪೂಜೆ, ಕಾರಲ್ಲಿ ಬಂದ ನೆಂಟರು ದೊಡ್ಡ ಗೇಟ್ ತೆಗೆದು ಒಳಗೆ ಬಂದ್ರು, ಹಿಂದಿನಿಂದ ಇನ್ನೊಂದು ಕಾರು ಬರ್ಲಿಕ್ಕುಂಟು ಅಂತ ಹಾಗೇ ಬಿಟ್ರು, ನಾನು ಒಲೆ ಬುಡದಲ್ಲಿದ್ದೆ, ಬೊಳ್ಳು ಮತ್ತೆ ನಮ್ಮ ಇನ್ನೊಂದು ನಾಯಿ ಕರಿಯ ಎರಡೂ ಹೊರಗೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲದ ಕಡೆ ಹೋಗುವಾಗ ಚೆರ್ಕಳ–ಕಲ್ಲಡ್ಕ ರಸ್ತೆಯಿಂದ ಬರೀ ಇನ್ನೂರು ಮೀಟರ್ ಒಳಗೆ ನಮ್ಮ ಮನೆ. ಕರಿಯ ತಿರುಗಿ ಬಂದ. ಬೊಳ್ಳುವಿಗೆ ಪಿಕಪ್ ಬಡಿದು ಚರಂಡಿಯಲ್ಲಿ ಬಿದ್ದಿದ್ದಳು. ತಲಪಾಡಿ ದಾಟಿ ಮಂಗಳೂರಿಗೆ ಕೊಂಡುಹೋಗಿ ಆಪರೇಷನ್ ಮಾಡಿಸಿ ಎಂಟು ವಾರ ಅವಳನ್ನು ಒಂದೇ ಕೋಣೆಯಲ್ಲಿ ಇಟ್ಟುಕೊಂಡೆ, ರಾತ್ರಿ ಅವಳ ಪಕ್ಕದಲ್ಲೇ ಚಾಪೆ ಹಾಕಿ ಮಲಗ್ತಿದ್ದೆ.

ಸುರುವಿಗೆ ಬಂದವರ ಮೇಲೆ ಭಾರೀ ಸಿಟ್ಟು ಬಂದಿತ್ತು. ಮತ್ತೆ ಕೂತು ನೋಡಿದೆ, ಯಾರೂ ಬೇಕಂತ ಗೇಟ್ ಬಿಡುದಲ್ಲ. ಪಂಚಾಯತಿನ ಕಸ ಸಂಗ್ರಹದ ಹರಿತ ಕರ್ಮ ಸೇನೆಯ ಅಕ್ಕಂದಿರು ತಿಂಗಳಿಗೊಮ್ಮೆ ಪ್ಲಾಸ್ಟಿಕ್ ತೆಗೊಂಡು ಹೋಗುವಾಗ ಎರಡೂ ಕೈಯಲ್ಲಿ ಗೋಣಿ ಇರ್ತದೆ. ಅಡಿಕೆಗೆ ಮದ್ದು ಬಿಡುವವರು ಪೈಪ್ ಎಳ್ಕೊಂಡು ಬರ್ತಾರೆ. ನಮ್ಮ ಅತ್ತೆಯೇ ಹೇಳುದು, "ಎರಡು ನಿಮಿಷಕ್ಕೆ ಬಂದದ್ದಲ್ವಾ ಮಾರಾಯ್ತಿ, ಈಗ ಹೋಗುವಾಗ ಹಾಕ್ತೇನೆ" ಅಂತ. ನಾಯಿಗೆ ಆ ಎರಡು ನಿಮಿಷ ಸಾಕು. ಹಾಗಾಗಿ ಬಂದವರನ್ನು ತಿದ್ದುದು ಬಿಟ್ಟು, ಗೇಟ್ ತೆರೆದೇ ಉಂಟು ಅಂತ ಲೆಕ್ಕ ಹಾಕಿಯೇ ಎಲ್ಲ ಮಾಡುವ ಅಂತ ನಿಶ್ಚಯ ಮಾಡಿದೆ.

ಮೊದಲು ಜನ ನಡೆದು ಬರುವ ಸಣ್ಣ ಗೇಟ್. ಅದಕ್ಕೆ ಸ್ಪ್ರಿಂಗ್ ಹಾಕಿಸಿದ್ದು ಒಂದು ಮಳೆಗಾಲವೂ ಬಾಳಲಿಲ್ಲ, ವರ್ಷಕ್ಕೆ ಹೆಚ್ಚುಕಡಿಮೆ 3500 ಮಿಲ್ಲಿಮೀಟರ್ ಮಳೆ ಬೀಳುವ ಊರಲ್ಲಿ ಸ್ಪ್ರಿಂಗ್ ತುಕ್ಕು ಹಿಡಿಯದೆ ಇರ್ತದಾ. ಮತ್ತೆ ವೆಲ್ಡಿಂಗ್‌ನವರೇ ಹೇಳಿದ ಉಪಾಯ ಇದು: ಮೇಲಿನ ಬಿಜಾಗ್ರಿಯನ್ನು ಕಂಬದಿಂದ ಕೆಳಗಿನದಕ್ಕಿಂತ ಮುಕ್ಕಾಲು ಇಂಚು ಹೊರಗೆ, ಅಂದ್ರೆ ಚಿಲಕದ ಬದಿಗೆ ತಂದು ಕೂರಿಸುದು. ಆಗ ಗೇಟ್ ತೆಗೆಯುವಾಗ ಅದರ ತುದಿ ಸ್ವಲ್ಪ ಮೇಲೆ ಹೋಗ್ತದೆ, ಕೈ ಬಿಟ್ಟ ಕೂಡ್ಲೇ ಅದರದ್ದೇ ಭಾರಕ್ಕೆ ತಿರುಗಿ ಬಂದು ಮುಚ್ಚಿಕೊಳ್ತದೆ. ಚಿಲಕವೂ ತಾನಾಗಿ ಬೀಳುವಂಥದ್ದು ಹಾಕಿಸಿದೆ, ಮುಚ್ಚಿಕೊಂಡು ಚಿಲಕ ಬೀಳದಿದ್ರೆ ಕರಿಯ ಮೂತಿಯಲ್ಲೇ ನೂಕಿ ತೆಗೀತಾನೆ. ಗೇಟ್ ಅಡಿಯಲ್ಲಿ ಮಳೆನೀರಿಗೆ ಮಣ್ಣು ಕೊಚ್ಚಿಹೋಗಿ ನಾಯಿ ತೂರುವಷ್ಟು ಜಾಗ ಆಗಿತ್ತು, ಅಲ್ಲಿಗೆ ಮುರಕಲ್ಲಿನ ಒಂದು ಸಾಲು ಕೊಟ್ಟು ಸಿಮೆಂಟ್ ಹಾಕಿದೆವು.

ದೊಡ್ಡ ಗೇಟಿಗೆ ಈ ಉಪಾಯ ನಡೀಲಿಲ್ಲ, ಕಾರು ಒಳಗೆ ಬರುವ ತನಕ ಅದು ತೆರೆದು ನಿಲ್ಲಲೇ ಬೇಕಲ್ಲ. ನಿಜವಾಗಿ ನಮ್ಮನ್ನು ಕಾಪಾಡಿದ್ದು ಎರಡನೇ ಬೇಲಿ. ದನದ ಹಟ್ಟಿಯ ಮೂಲೆಯಿಂದ ಬಾವಿಕಟ್ಟೆ ತನಕ, ಅಲ್ಲಿಂದ ಮನೆಯ ಗೋಡೆಗೆ, ಅಡಿಕೆ ಮರ ಸೀಳಿದ ಸಲಾಕೆ ಒತ್ತೊತ್ತಾಗಿ ನಿಲ್ಲಿಸಿ ನಾಲ್ಕೂವರೆ ಅಡಿ ಎತ್ತರದ ಬೇಲಿ ಕಟ್ಟಿದೆವು. ಮರ ತೋಟದ್ದೇ, ಕೂಲಿ ಎರಡು ದಿನದ್ದು. ಮೊದಲು ಮೂರು ಅಡಿ ಮಾಡಿದ್ದೆ, ಕಾಲಲ್ಲಿ ಪ್ಲೇಟ್ ಇದ್ರೂ ಬೊಳ್ಳು ಒಂದೇ ನೆಗೆತಕ್ಕೆ ಹಾರಿದಳು, ನನ್ನ ಎದೆ ಒಡೆದು ಹೋದ ಹಾಗಾಯ್ತು. ಈಗ ಎದುರಿನ ಅಂಗಳ ಬಂದವರಿಗೆ, ಹಿಂದಿನ ಅಂಗಳ ನಾಯಿಗಳಿಗೆ. ನಡುವಿನ ಬಾಗಿಲನ್ನು ಮನೆಯವರು ಮಾತ್ರ ತೆಗೆಯುದು, ಅದನ್ನು ತೆಗೆಯುವ ಮೊದಲು ಎದುರಿನ ಗೇಟ್ ಕಡೆ ಒಮ್ಮೆ ಕಣ್ಣು ಹಾಯಿಸುದು, ಮಕ್ಕಳಿಗೂ ಇದೇ ಅಭ್ಯಾಸ ಆಗಿದೆ. ಒಂದೇ ಕೆಲಸಕ್ಕೆ ದುಡ್ಡು ಉಂಟು ಅಂತಾದ್ರೆ ಇದನ್ನೇ ಮಾಡಿ, ಉಳಿದದ್ದೆಲ್ಲ ಇದರ ನಂತರ.

ಬೋರ್ಡಿನ ವಿಷಯ ಹೇಳ್ತೇನೆ. "ನಾಯಿ ಇದೆ, ಎಚ್ಚರಿಕೆ" ಅಂತ ಹಾಕಿದಾಗ ಜನ ಹೆದರಿ ಗೇಟ್ ಅರ್ಧ ತೆಗೆದು, ಓಡ್ಲಿಕ್ಕೆ ತಯಾರಾಗಿ ಅಲ್ಲೇ ನಿಂತು ಕರೀತಿದ್ರು, ಅಂದ್ರೆ ಗೇಟ್ ಮೊದಲಿಗಿಂತ ಹೆಚ್ಚು ಹೊತ್ತು ತೆರೆದಿರ್ತಿತ್ತು. ಅದನ್ನು ತೆಗೆದು "ನಾಯಿ ರಸ್ತೆಗೆ ಹೋದರೆ ಗಾಡಿಯಡಿಗೆ ಬೀಳ್ತದೆ, ದಯವಿಟ್ಟು ಗೇಟ್ ಹಾಕಿ" ಅಂತ ಕನ್ನಡದಲ್ಲೂ ಮಲಯಾಳದಲ್ಲೂ ಬರೆಸಿ, ಒಳಗಿನಿಂದ ಹೊರಗೆ ಹೋಗುವಾಗ ಕಾಣುವ ಹಾಗೆ ಇನ್ನೊಂದು ಹಾಕಿದೆ. ಬೆಲ್ಲಿನ ಸ್ವಿಚ್ಚನ್ನು ಗೇಟಿನ ಹೊರಗಿನ ಕಂಬಕ್ಕೆ ತಂದೆ. ಇದರಿಂದ ಒಳ್ಳೇ ಬದಲಾವಣೆ ಆಯ್ತು, ಆದ್ರೆ ಬೋರ್ಡ್ ಒಂದನ್ನೇ ನಂಬಬೇಡಿ.

ಇನ್ನು ನಾಯಿಗೇ ಕಲಿಸಿದ್ದು. ಪ್ರತಿ ದಿನ ಬೆಳಿಗ್ಗೆ ಬೆಲ್ಟ್ ಹಾಕಿ ಗೇಟ್ ಹತ್ರ ಕೊಂಡುಹೋಗುದು, ಗೇಟ್ ತೆಗೆಯುದು, ನಾಯಿ ಮುಂದೆ ಹೆಜ್ಜೆ ಇಟ್ರೆ ಮುಚ್ಚುದು, ಕೂತ್ರೆ ಮಾತ್ರ "ಬಾ" ಹೇಳಿ ಹೊರಗೆ ಕರ್ಕೊಂಡು ಹೋಗುದು. ಕರಿಯ ಮೂರು ವಾರದಲ್ಲಿ ಕಲಿತ. ಬೊಳ್ಳು ಇವತ್ತಿಗೂ ಬೆಕ್ಕು ಕಂಡ್ರೆ ಮರೀತಾಳೆ. ಅದಕ್ಕೆ ಇನ್ನೊಂದು ಉಂಟು, ಸ್ಟೀಲ್ ಬಟ್ಟಲಿಗೆ ಸೌಟಿನಿಂದ ಮೂರು ಸಲ ಬಡಿದ್ರೆ ಬೇಯಿಸಿದ ಮೊಟ್ಟೆಯ ತುಂಡು ಸಿಕ್ಕೇ ಸಿಗ್ತದೆ, ಒಂದು ದಿನವೂ ತಪ್ಪಿಸಿಲ್ಲ, ಸ್ನಾನ ಮಾಡಿಸ್ಲಿಕ್ಕೋ ಕಟ್ಟಿಹಾಕ್ಲಿಕ್ಕೋ ಆ ಶಬ್ದ ಬಳಸುದೇ ಇಲ್ಲ. ತಪ್ಪಿಸಿಕೊಂಡ ನಾಯಿಯ ಹಿಂದೆ ಓಡಬೇಡಿ, ಅದು ಆಟ ಅಂತ ಗ್ರಹಿಸಿ ಇನ್ನೂ ದೂರ ಓಡ್ತದೆ. ನಾನು ಬಟ್ಟಲು ಬಡೀತಾ ಮನೆ ಕಡೆಗೇ ಓಡುದು, ಅವು ನನ್ನ ಹಿಂದೆ ಬರ್ತವೆ.

ಪೂಜೆ, ತಿಥಿ, ಕೋಲ ಅಂತ ಜನ ಸೇರುವ ದಿನ ಬೇಲಿಯನ್ನೂ ನಂಬುದಿಲ್ಲ. ಬೆಳಿಗ್ಗೆ ಐದೂವರೆಗೆ ಒಂದು ಗಂಟೆ ನಡೆಸಿ ಸುಸ್ತು ಮಾಡಿ, ನೆಂಟರು ಬರುವ ಮೊದಲೇ ಹಿಂದಿನ ಕೋಣೆಯಲ್ಲಿ ನೀರಿಟ್ಟು ಹಾಕಿ ಬೀಗ, ಬೀಗದ ಕೈ ಒಬ್ಬರ ಹತ್ರವೇ, "ನಾನು ನೋಡ್ಕೊಳ್ತೇನೆ" ಅಂತ ಹತ್ತು ಜನ ಹೇಳಿದ್ರೆ ಯಾರೂ ನೋಡುದಿಲ್ಲ. ಬಿಸುವಿನ ಪಟಾಕಿಗೆ, ಕೋಲದ ಗರ್ನಾಲಿಗೆ ಹೆದರಿದ ನಾಯಿ ದಿಕ್ಕು ನೋಡದೆ ಓಡ್ತದೆ, ಕರಿಯ ಹಾಗೆ ಓಡಿ ಮೂರನೇ ದಿನ ನೀರ್ಚಾಲಿನ ಹತ್ರ ಸಿಕ್ಕಿದ್ದು. ಸಿಕ್ಕಿದ್ದು ಕುತ್ತಿಗೆಯ ಬೆಲ್ಟಿನಲ್ಲಿ ನನ್ನ ಫೋನ್ ನಂಬರ್ ಕೆತ್ತಿಸಿದ ಬಿಲ್ಲೆ ಇದ್ದ ಕಾರಣ. ಮೈಕ್ರೋಚಿಪ್ ಕೂಡ ಹಾಕಿಸಿದ್ದೇನೆ, ಆದ್ರೆ ಅದು ನಾಯಿ ಎಲ್ಲುಂಟು ಅಂತ ಹೇಳುದಿಲ್ಲ, ರೀಡರ್ ಹಿಡಿದ್ರೆ 15 ಅಂಕೆಯ ನಂಬರ್ ತೋರಿಸ್ತದೆ ಅಷ್ಟೇ, ಬಿಲ್ಲೆಯನ್ನಾದ್ರೆ ದಾರಿಯಲ್ಲಿ ಹೋಗುವವರೂ ಓದ್ಬಹುದು.

ರೇಬಿಸ್ ಚುಚ್ಚುಮದ್ದು ವರ್ಷಕ್ಕೊಮ್ಮೆ ತಪ್ಪದೆ ಕೊಡಿಸಿ, ಪಂಚಾಯತ್ ಲೈಸೆನ್ಸಿಗೂ ಆ ಸರ್ಟಿಫಿಕೇಟ್ ಬೇಕು. ಹೊರಗೆ ಹೋಗಿ ಬಂದ ನಾಯಿಯ ಮೈ ಪೂರ್ತಿ ತಡವಿ ನೋಡಿ, ಕಚ್ಚಿದ ಗಾಯ ಇದ್ರೆ ಗ್ಲೌಸ್ ಹಾಕಿ ಸೋಪು ಹಚ್ಚಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಡಾಕ್ಟರಿಗೆ ತೋರಿಸಿ, ಹಿಂದೆ ಚುಚ್ಚಿಸಿದ್ರೂ ಬೂಸ್ಟರ್ ಬೇಕಾಗ್ತದೆ. ಕಾರಡ್ಕ, ಮುಳಿಯಾರು ಕಡೆ ಚಿರತೆ ಕಾಣಿಸಿದ ಮೇಲೆ ಕತ್ತಲಾಗುವ ಮೊದಲೇ ಎರಡನ್ನೂ ಚಾವಡಿ ಒಳಗೆ ತರ್ತೇನೆ.

ಈಗ ಉಳಿದದ್ದು ತೋಟದ ಕಡೆಯ ತಡಮೆ, ಅಂದ್ರೆ ಬಿದಿರಿನ ಗಳ ಅಡ್ಡ ಇಟ್ಟ ದಾರಿ. ಕೆಲಸದವರು ಬರುದು ಅಲ್ಲಿಂದಲೇ, ತಲೆಯಲ್ಲಿ ಹೊರೆ ಇರುವಾಗ ಬಿದಿರಿನ ಗಳ ತಿರುಗಿ ಹಾಕಿ ಅಂತ ಹೇಳ್ಲಿಕ್ಕೆ ನನಗೇ ಮನಸ್ಸು ಬರುದಿಲ್ಲ. ಗಳ ತೆಗೆದು ಅಲ್ಲೂ ಒಂದು ಸಣ್ಣ ಗೇಟ್ ಇಟ್ಟು, ಹುರಿಹಗ್ಗಕ್ಕೆ ಕಲ್ಲು ಕಟ್ಟಿ ರಾಟೆಯ ಮೇಲಿಂದ ಇಳಿಬಿಟ್ಟು, ಕಲ್ಲಿನ ಭಾರಕ್ಕೆ ಮುಚ್ಚುವ ಹಾಗೆ ಮಾಡುವ ಅಂತ ಉಂಟು, ಹಳೇ ಬಾವಿಯ ರಾಟೆ ಅಟ್ಟದಲ್ಲಿತ್ತು, ಮೊನ್ನೆ ಇಳಿಸಿ ಎಣ್ಣೆ ಬಿಟ್ಟಿದ್ದೇನೆ.